ಶಾಲೆಯಲ್ಲಿ ಹ್ಯಾಲೋವೀನ್ ಬೇಕಾ, ಸಂತರ ದಿನ ಬೇಕಾ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಹೇಳಿ

ಬಳ್ಳಾರಿ ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಸಿಸ್ಟರ್‌ಗಳು ನಡೆಸುವ ಶಾಲೆಯೊಂದರಲ್ಲಿ ಪ್ರೈಮರಿ ಟೀಚರ್. ಪಾಲಕರ ವಾಟ್ಸಾಪ್ ಗ್ರೂಪಿನಲ್ಲಿ ಈಗ ಒಂದೇ ಮಾತು. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಮಾಡಿ, ಮಕ್ಕಳಿಗೆ ದೆವ್ವದ ವೇಷ ಹಾಕಿಸಿ ಎಂದು ಕೆಲವರು. ಅದು ಪಿಶಾಚಿಗಳ ಹಬ್ಬ, ನಮ್ಮ ಮಕ್ಕಳಿಗೆ ಬೇಡವೇ ಬೇಡ ಎಂದು ಇನ್ನು ಕೆಲವರು. ನಮ್ಮ ಹೆಡ್ ಸಿಸ್ಟರ್ ಬೇರೆ ದಾರಿ ತೋರಿಸಿದ್ದಾರೆ. ಆ ದಿನದ ಬೇರು ಇರುವುದು ಸಂತರ ಹಬ್ಬದಲ್ಲಿ, ಹಾಗಾಗಿ ಮಕ್ಕಳು ಸಂತರ ವೇಷದಲ್ಲಿ ಬಂದು ಅವರ ಕತೆ ಹೇಳಲಿ ಅಂತಾರೆ.

ನನಗೆ ಇದು ತುಂಬ ಹಿಡಿಸಿತು. ಆದರೆ ಬರೀ ಫ್ಯಾನ್ಸಿ ಡ್ರೆಸ್ ಆಗಿ ಮುಗಿಯಬಾರದು. ನಮ್ಮ ಕ್ಲಾಸಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳಿದ್ದಾರೆ. ಕ್ರೈಸ್ತ ಮಕ್ಕಳೇ ಕಡಿಮೆ. ಯಾರ ಮನೆಯವರಿಗೂ ಇದು ಹೇರಿಕೆ ಅನ್ನಿಸಬಾರದು.

ಹ್ಯಾಲೋವೀನ್ ನಿಜವಾಗಿಯೂ ಕ್ರೈಸ್ತ ಹಬ್ಬದಿಂದ ಬಂದದ್ದಾ? ನಮ್ಮಂಥ ಶಾಲೆಯಲ್ಲಿ ಸಂತರನ್ನು ಗೌರವಿಸುವುದು ಹೇಗೆ? ತಿಳಿದವರು ಬರೆಯಿರಿ.

ಸಿಂಧನೂರಿನ ಹುಡುಗ

ಮೇಡಂ, ಮಕ್ಕಳಿಗೆ ಖುಷಿ ಮುಖ್ಯ ಅಲ್ವಾ? ಹ್ಯಾಲೋವೀನ್‌ಗೂ ಧರ್ಮಕ್ಕೂ ಏನು ಸಂಬಂಧ? ಮುಖಕ್ಕೆ ಬಣ್ಣ, ಕುಂಬಳಕಾಯಿ, ಚಾಕೊಲೇಟು, ಅಷ್ಟೇ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಆಫೀಸಿನಲ್ಲೇ ಮಾಡುತ್ತಿದ್ದೆವು. ಅದು ಮೂಲದಲ್ಲಿ ಐರ್ಲೆಂಡ್ ಕಡೆಯ ಕೆಲ್ಟ್ ಜನರ ಹಬ್ಬ, ಸಾಂವಿನ್ ಅಂತ ಹೆಸರು, ಚರ್ಚ್ ಆಮೇಲೆ ಅದರ ಮೇಲೆ ತನ್ನ ಮುದ್ರೆ ಒತ್ತಿತು ಎಂದು ಎಲ್ಲ ಕಡೆ ಓದಿದ್ದೇನೆ.

ರಾಯಚೂರು ಮೇಷ್ಟ್ರು

ಟೀಚರಮ್ಮ, ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಕ್ರೈಸ್ತನಲ್ಲ. ಆದರೆ ಈ ವಿಷಯದಲ್ಲಿ ಆಸೆಪಟ್ಟು ಓದಿಕೊಂಡಿದ್ದೇನೆ. ಸ್ವಲ್ಪ ಉದ್ದವಾದರೂ ಬರೆಯುತ್ತೇನೆ.

ನವೆಂಬರ್ 1 ಸಕಲ ಸಂತರ ಹಬ್ಬ. ನವೆಂಬರ್ 2 ತೀರಿಕೊಂಡವರೆಲ್ಲರ ಸ್ಮರಣೆಯ ದಿನ. ಅಕ್ಟೋಬರ್ 31 ಸಂತರ ಹಬ್ಬದ ಹಿಂದಿನ ಸಂಜೆ, ಇಂಗ್ಲಿಷಿನ ಹೆಸರಿಗೂ ಅದೇ ಅರ್ಥ. ದೊಡ್ಡ ಹಬ್ಬದ ಮುನ್ನಾದಿನ ಉಪವಾಸ, ಪ್ರಾರ್ಥನೆ, ಜಾಗರಣೆ ಇರುತ್ತಿದ್ದವು. ಕಥೋಲಿಕರ ಪಂಚಾಂಗದಲ್ಲಿ ಈ ಮುನ್ನಾದಿನದ ಆಚರಣೆ 1955ರವರೆಗೂ ಇತ್ತು. ಪೋಪ್ ಹನ್ನೆರಡನೇ ಪಿಯುಸ್ ಪಂಚಾಂಗವನ್ನು ಸರಳ ಮಾಡಿದಾಗ ಅದು ಹೋಯಿತು.

ಎಲ್ಲ ಸಂತರಿಗೂ ಸೇರಿಸಿ ಒಂದೇ ದಿನ ಯಾಕೆ ಬೇಕಾಯಿತು? ಇದೇ ಮಕ್ಕಳಿಗೆ ಹೇಳಬೇಕಾದ ಕತೆ. ರೋಮ್ ಸಾಮ್ರಾಜ್ಯ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲವದು. ನಂಬಿಕೆಗಾಗಿ ಪ್ರಾಣ ಕೊಟ್ಟವರ ಸಮಾಧಿಯ ಹತ್ತಿರ, ಅವರು ಸತ್ತ ದಿನದಂದು ಜನ ಪ್ರತಿ ವರ್ಷ ಸೇರುತ್ತಿದ್ದರು. 303ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಶುರು ಮಾಡಿದ ಹಿಂಸೆಯಲ್ಲಂತೂ ಸತ್ತವರು ತುಂಬ. ಒಬ್ಬೊಬ್ಬರಿಗೆ ಒಂದೊಂದು ದಿನ ಎಂದರೆ ವರ್ಷದ ದಿನಗಳೇ ಸಾಲವು. ಎಷ್ಟೋ ಜನರ ಹೆಸರೂ ಉಳಿದಿಲ್ಲ. ಹಾಗಾಗಿ 4ನೇ ಶತಮಾನದ ಹೊತ್ತಿಗೇ ಪೂರ್ವದ ಸಭೆಗಳಲ್ಲಿ (ಸಭೆ ಅಂದರೆ ಇಲ್ಲಿ ಚರ್ಚ್) ಎಲ್ಲ ರಕ್ತಸಾಕ್ಷಿಗಳಿಗೂ, ಅಂದರೆ ಹೀಗೆ ನಂಬಿಕೆಗಾಗಿ ಸತ್ತವರಿಗೂ ಸೇರಿಸಿ ಒಂದು ದಿನ ಇಡುವ ರೂಢಿ ಬಂತು. ಆರ್ಥಡಾಕ್ಸ್ ಸಭೆಗಳು ಇಂದಿಗೂ ಪೆಂತೆಕೋಸ್ತ್ (ಈಸ್ಟರ್‌ನಿಂದ ಐವತ್ತನೇ ದಿನದ ಹಬ್ಬ) ಆದ ಮುಂದಿನ ಭಾನುವಾರ ಸಕಲ ಸಂತರ ಹಬ್ಬ ಮಾಡುತ್ತವೆ.

ರೋಮಿನಲ್ಲಿ ಪ್ಯಾಂಥಿಯನ್ ಎಂಬ ದೊಡ್ಡ ಗುಮ್ಮಟದ ಕಟ್ಟಡ ಇದೆ. ಮೊದಲು ರೋಮನ್ ದೇವತೆಗಳ ಗುಡಿ. 609ರ ಸುಮಾರಿಗೆ, ಮೇ 13ರಂದು, ಪೋಪ್ ನಾಲ್ಕನೇ ಬೋನಿಫೇಸ್ ಅದನ್ನು ಮರಿಯಮ್ಮನವರಿಗೂ ಎಲ್ಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಮುಂದೆ 731ರಿಂದ 741ರವರೆಗೆ ಪೋಪ್ ಆಗಿದ್ದ ಮೂರನೇ ಗ್ರೆಗರಿ, ಸಂತ ಪೇತ್ರರ ದೇವಾಲಯದೊಳಗೆ ಎಲ್ಲ ಸಂತರ ಹೆಸರಿನಲ್ಲಿ ಒಂದು ಚಿಕ್ಕ ಪ್ರಾರ್ಥನಾಲಯ ಕಟ್ಟಿಸಿದರು. 800ರ ಹೊತ್ತಿಗೆ ಈಗಿನ ಫ್ರಾನ್ಸ್, ಜರ್ಮನಿ ಕಡೆ ಆಳುತ್ತಿದ್ದ ಷಾರ್ಲಮೇನ್ ದೊರೆಯ ಆಪ್ತ ವಿದ್ವಾಂಸ ಅಲ್ಕುಯಿನ್ ನವೆಂಬರ್ 1ರಂದೇ ಈ ಹಬ್ಬ ಮಾಡುತ್ತಿದ್ದರು. 835ರಲ್ಲಿ ಪೋಪ್ ನಾಲ್ಕನೇ ಗ್ರೆಗರಿಯ ಕಾಲದಲ್ಲಿ ಷಾರ್ಲಮೇನನ ಮಗ ಲೂಯಿ ದೊರೆ ತನ್ನ ರಾಜ್ಯದಲ್ಲೆಲ್ಲ ಅದೇ ದಿನ ಮಾಡಲು ಹೇಳಿದ. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಒಡಿಲೊ, 1000ದ ಆಸುಪಾಸಿನಲ್ಲಿ, ಮರುದಿನವನ್ನು ಸತ್ತವರ ಪ್ರಾರ್ಥನೆಗೆ ಇಟ್ಟರು. ಹೀಗೆ ಮೂರು ದಿನದ ಸಾಲು ಬಂತು. ಮುನ್ನಾ ಸಂಜೆ, ಸಂತರು, ನಮ್ಮ ಹಿರಿಯರು.

ಸಿಂಧನೂರಿನ ಹುಡುಗ

ಸರ್, ಚೆನ್ನಾಗಿ ಹೇಳಿದಿರಿ. ಆದರೆ ಸಾಂವಿನ್ ವಿಷಯ ಬಿಟ್ಟುಬಿಟ್ಟಿರಿ.

ರಾಯಚೂರು ಮೇಷ್ಟ್ರು

ಬಿಟ್ಟಿಲ್ಲಪ್ಪ, ಅದಕ್ಕೇ ಬರುತ್ತಿದ್ದೆ.

ಸಾಂವಿನ್ ಅನ್ನೋದು ಇತ್ತು. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ದಿನ. ಹಳೆ ಐರಿಷ್ ಕತೆಗಳಲ್ಲಿ ಬರುತ್ತದೆ. ಆದರೆ ಆ ಕತೆಗಳನ್ನು ಬರೆದಿಟ್ಟವರೇ ಕ್ರೈಸ್ತ ಸನ್ಯಾಸಿಗಳು. ಅದಕ್ಕೂ ಹಿಂದೆ ಆ ದಿನ ಯಾವ ಪೂಜೆ ನಡೆಯುತ್ತಿತ್ತು ಎಂಬುದಕ್ಕೆ ಪುರಾವೆ ಬಹಳ ಕಮ್ಮಿ. ಅದು ಸತ್ತವರ ಹಬ್ಬವಾಗಿತ್ತು ಎಂಬ ವಾದವನ್ನು ಹಬ್ಬಿಸಿದವರು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಮೊದಲಿನ ವಿದ್ವಾಂಸರು, ಜಾನ್ ರೀಸ್, ಜೇಮ್ಸ್ ಫ್ರೇಜರ್ ಅಂಥವರು. ಬ್ರಿಟನ್ನಿನ ಇತಿಹಾಸಕಾರ ರೊನಾಲ್ಡ್ ಹಟನ್ ಇದನ್ನು ಕೂಲಂಕಷವಾಗಿ ನೋಡಿ, ಆ ವಾದಕ್ಕೆ ಗಟ್ಟಿ ಆಧಾರ ಇಲ್ಲ ಎಂದಿದ್ದಾರೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಐರ್ಲೆಂಡಿನ ಹಳೆಯ ಸಭೆ ಸಕಲ ಸಂತರ ಹಬ್ಬವನ್ನು ಏಪ್ರಿಲ್ 20ಕ್ಕೆ ಮಾಡುತ್ತಿತ್ತು. ನವೆಂಬರ್ 1 ಅಲ್ಲಿಗೆ ಆಮೇಲೆ ಬಂತು. ಈ ತಾರೀಖಿಗೆ ಮೊದಲು ಅಂಟಿಕೊಂಡವರು ಇಂಗ್ಲೆಂಡ್ ಮತ್ತು ಜರ್ಮನ್ ನಾಡುಗಳ ಕಡೆಯವರು. ಕೆಲ್ಟ್ ಜನರ ಹಬ್ಬ ಮುಚ್ಚಲಿಕ್ಕೆ ಚರ್ಚ್ ಈ ದಿನ ಆರಿಸಿತು ಎಂದರೆ, ಕೆಲ್ಟ್ ಜನರ ನಾಡಿನಲ್ಲೇ ಮೊದಲು ಆ ದಿನ ಇರಬೇಕಿತ್ತು ಅಲ್ವಾ?

ಹಾಗಂತ ಊರ ಜನರ ನಂಬಿಕೆ, ಬೆಂಕಿ, ಭವಿಷ್ಯ ನೋಡುವ ಆಟಗಳು ಇದರೊಳಗೆ ಸೇರಲೇ ಇಲ್ಲ ಎನ್ನಲಾರೆ. ಸೇರಿವೆ. ಹಬ್ಬಗಳು ಇರುವುದೇ ಹಾಗೆ. ಆದರೆ ಬೆನ್ನೆಲುಬು ಸಂತರ ಹಬ್ಬದ್ದು.

ಕೌಲ್‌ಬಜಾರ್ ಅಮ್ಮ

ಮೇಷ್ಟ್ರೇ, ನಿಮಗೆ ದೊಡ್ಡ ನಮಸ್ಕಾರ. ನಾವು ಕಥೋಲಿಕರು. ನಮ್ಮ ಮಕ್ಕಳೇ ಹ್ಯಾಲೋವೀನ್ ಅಂದರೆ ಸೈತಾನನ ಹಬ್ಬ ಎಂದು ಹೆದರುತ್ತಾರೆ. ಇಲ್ಲಾಂದರೆ ಮೊಬೈಲ್ ನೋಡಿ ಅಸ್ಥಿಪಂಜರದ ಟೀ ಶರ್ಟ್ ಬೇಕು ಎಂದು ಹಟ ಮಾಡುತ್ತಾರೆ. ಮರುದಿನ ಬೆಳಗ್ಗೆ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್, ಇದೆ ಎನ್ನುವುದು ಯಾರಿಗೂ ನೆನಪಿರಲ್ಲ. ನವೆಂಬರ್ 1 ನಮಗೆ ದೊಡ್ಡ ಹಬ್ಬ.

ಅಂದಹಾಗೆ ದೆವ್ವ, ತಲೆಬುರುಡೆ ಎಲ್ಲ ಎಲ್ಲಿಂದ ಬಂತು ಹೇಳಿ ಸರ್.

ರಾಯಚೂರು ಮೇಷ್ಟ್ರು

ಅದು ನವೆಂಬರ್ 2ರ ಕಡೆಯಿಂದ ಬಂದದ್ದು, ತಾಯಿ.

ತೀರಿಕೊಂಡವರ ಆತ್ಮ ಶುದ್ಧಿಯಾಗುವ ಸ್ಥಿತಿಯಲ್ಲಿರುತ್ತದೆ, ನಮ್ಮ ಪ್ರಾರ್ಥನೆ ಅವರಿಗೆ ನೆರವಾಗುತ್ತದೆ ಎಂಬುದು ಕಥೋಲಿಕರ ನಂಬಿಕೆ. ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ ಬಡವರು, ಮಕ್ಕಳು ಮನೆ ಮನೆಗೆ ಹೋಗುತ್ತಿದ್ದರು. ಮನೆಯವರು ಮಸಾಲೆ ಹಾಕಿದ ಸಣ್ಣ ರೊಟ್ಟಿಯಂಥ ಕೇಕ್ ಕೊಡುತ್ತಿದ್ದರು. ಪಡೆದವರು ಆ ಮನೆಯ ಸತ್ತವರಿಗಾಗಿ ಪ್ರಾರ್ಥಿಸಬೇಕು. ಮನೆ ಬಾಗಿಲಿಗೆ ಹೋಗಿ ಮಿಠಾಯಿ ಕೇಳುವ ಇಂದಿನ ಪದ್ಧತಿಗೆ ಅದರ ನೆನಪಿದೆ.

16ನೇ ಶತಮಾನದಲ್ಲಿ ಇಂಗ್ಲೆಂಡ್ ರೋಮಿನಿಂದ ಬೇರೆಯಾಯಿತು. ಸತ್ತವರಿಗಾಗಿ ಪ್ರಾರ್ಥನೆ, ಆ ರಾತ್ರಿಯ ಗಂಟೆ ಬಾರಿಸುವುದು ಎಲ್ಲ ನಿಂತವು, ನಿಲ್ಲಿಸಿದರು. ಪ್ರಾರ್ಥನೆ ಹೋಯಿತು, ಆಟ ಉಳಿಯಿತು. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ಬರಗಾಲ ಬಿದ್ದಾಗ ಲಕ್ಷಾಂತರ ಜನ ಅಮೆರಿಕಕ್ಕೆ ಹೋದರು. ಅಲ್ಲಿ ಕುಂಬಳಕಾಯಿ ಬೇಕಾದಷ್ಟು. ಕೊರೆಯಲಿಕ್ಕೂ ಸುಲಭ. ಆಮೇಲೆ ಮಿಠಾಯಿ ಕಂಪನಿ, ವೇಷದ ಕಂಪನಿ, ಸಿನಿಮಾ ಎಲ್ಲ ಸೇರಿ ಇವತ್ತಿನ ರೂಪ ಕೊಟ್ಟವು. ನಮ್ಮ ಮಾಲ್‌ಗಳಿಗೆ ಬಂದಿರುವುದು ಆ ಕೊನೆಯ ರೂಪ ಮಾತ್ರ.

ಮುದಗಲ್ಲಿನವ

ನಾನು ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನವನು. ನಮ್ಮೂರಿನ ಕಥೋಲಿಕ ಸಮುದಾಯ ನೂರಾರು ವರ್ಷ ಹಳೆಯದು. ಜೆಸ್ವಿತ್ ಎಂಬ ಕಥೋಲಿಕ ಸಂಘದ ಗುರುಗಳ (ಪಾದ್ರಿಗಳ) ಕಾಲದಿಂದ ಬಂದದ್ದು.

ನವೆಂಬರ್ 2ರ ಬಗ್ಗೆ ಹೇಳಲೇಬೇಕು. ಅದಕ್ಕೆ ಮುಂಚೆಯೇ ಮನೆಯವರೆಲ್ಲ ಸಮಾಧಿಗೆ ಹೋಗಿ ಹುಲ್ಲು ಕೀಳುತ್ತೇವೆ. ಮಳೆಗೆ ಕುಸಿದಿದ್ದರೆ ಮಣ್ಣು ಹಾಕುತ್ತೇವೆ. ಶಿಲುಬೆಗೆ ಸುಣ್ಣ ಬಳಿಯುತ್ತೇವೆ. ಅವತ್ತು ಚೆಂಡುಹೂವು, ಮೇಣದ ಬತ್ತಿ, ಊದಿನಕಡ್ಡಿ. ಗುರುಗಳು ಒಂದೊಂದು ಸಮಾಧಿಗೂ ಬಂದು ತೀರ್ಥ ಚಿಮುಕಿಸಿ ಹೋಗುತ್ತಾರೆ. ಗಾಳಿಗೆ ಬತ್ತಿ ಆರಿದರೆ ಪಕ್ಕದ ಸಮಾಧಿಯವರು ತಮ್ಮ ಬತ್ತಿಯಿಂದ ಹಚ್ಚಿಕೊಡುತ್ತಾರೆ. ಮಕ್ಕಳು ಸಮಾಧಿಗಳ ನಡುವೆ ಓಡಾಡುತ್ತವೆ, ಒಬ್ಬರೂ ಹೆದರಲ್ಲ. ಅಜ್ಜ ಅಜ್ಜಿ ಮಲಗಿರುವ ಜಾಗಕ್ಕೆ ಯಾಕೆ ಹೆದರಬೇಕು?

ಅದಕ್ಕೇ ನನಗೆ ದೆವ್ವದ ವೇಷ ಬೇಸರ ತರುತ್ತದೆ. ಸತ್ತವರು ಅಂದರೆ ಭಯ ಎಂದು ಮಕ್ಕಳಿಗೆ ಕಲಿಸಿದ ಹಾಗಾಗುತ್ತದೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆಯವರಿಗೂ ಇದು ಅರ್ಥ ಆಗುತ್ತದೆ ಅಂದುಕೊಂಡಿದ್ದೇನೆ.

ಕೊಪ್ಪಳದ ಪಾಲಕ

ಮುದಗಲ್ಲಣ್ಣ, ಪೂರ್ತಿ ಅರ್ಥ ಆಗುತ್ತದೆ. ನಮ್ಮ ಮನೆಯಲ್ಲೂ ಹಿರಿಯರಿಗೆ ಎಡೆ ಇಟ್ಟೇ ನಾವು ಊಟಕ್ಕೆ ಕೂರುವುದು.

ಆದರೆ ಟೀಚರ್, ನಾನು ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾವು ಲಿಂಗಾಯತರು. ನನ್ನ ಮಗನೂ ಇಂಥದೇ ಶಾಲೆಗೆ ಹೋಗುತ್ತಾನೆ. ಶಿಸ್ತು, ಇಂಗ್ಲಿಷು, ಶುಲ್ಕ ಎಲ್ಲ ನೋಡಿ ಸೇರಿಸಿದ್ದೇವೆ. ಹ್ಯಾಲೋವೀನ್ ಬೇಡ ಸರಿ. ಅದರ ಬದಲು ಅವನಿಗೆ ಕ್ರೈಸ್ತ ಸಂತನ ವೇಷ ಹಾಕಿಸುವುದು ಧರ್ಮಬೋಧನೆ ಆಗಲ್ವಾ? ಸಂವಿಧಾನದ 28ನೇ ವಿಧಿಯ ಮೂರನೇ ಖಂಡ ಏನು ಹೇಳುತ್ತದೆ ನೋಡಿ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ, ಮಗುವಾದರೆ ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ.

ಮಾಡುವುದೇ ಆದರೆ ಬಸವಣ್ಣ, ಕನಕದಾಸರು, ಶಿಶುನಾಳ ಶರೀಫರು ಎಲ್ಲರನ್ನೂ ಸೇರಿಸಿ ಮಾಡಿ. ಆಗ ಯಾರೂ ತಕರಾರು ತೆಗೆಯಲ್ಲ.

ಬಳ್ಳಾರಿ ಟೀಚರ್

ಸರ್, ಬೇಜಾರು ಯಾಕೆ? ಈ ಪ್ರಶ್ನೆ ಬರಲಿ ಎಂದೇ ಇಲ್ಲಿ ಬರೆದದ್ದು. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ನೀವು ಹೇಳಿದ 28ನೇ ವಿಧಿ ಮಗುವನ್ನು ಕಾಯುತ್ತದೆ. ಎರಡೂ ನಮಗೆ ಬೇಕು. ಒಪ್ಪಿಗೆ ಪತ್ರ ಖಂಡಿತ ತೆಗೆದುಕೊಳ್ಳುತ್ತೇವೆ.

ಕೌಲ್‌ಬಜಾರ್ ಅಮ್ಮ

ಕೊಪ್ಪಳದ ಅಣ್ಣಾ, ಒಪ್ಪಿಗೆಯ ಮಾತು ನೂರಕ್ಕೆ ನೂರು ಸರಿ. ಎಲ್ಲರನ್ನೂ ಕಲಸಿ ಒಂದೇ ದಿನ ಮಾಡೋದು ಮಾತ್ರ ನನಗೆ ಒಪ್ಪಿಗೆ ಇಲ್ಲ.

ಬಸವ ಜಯಂತಿಗೆ ಬಸವಣ್ಣನವರ ಬಗ್ಗೆಯೇ ಮಾತಾಡಬೇಕು. ಕನಕ ಜಯಂತಿಗೆ ಕನಕದಾಸರ ಬಗ್ಗೆ. ವಾಲ್ಮೀಕಿ ಜಯಂತಿಗೆ ವಾಲ್ಮೀಕಿಯ ಬಗ್ಗೆ. ನನ್ನ ಮಗಳು ಮೊನ್ನೆ ಶಾಲೆಯಲ್ಲಿ ಅಕ್ಕಮಹಾದೇವಿಯ ವಚನ ಹೇಳಿದಳು. ಮನೆಯಲ್ಲಿ ನಾನೇ ಬಾಯಿಪಾಠ ಮಾಡಿಸಿದ್ದು. ಅವತ್ತು "ನಮ್ಮ ಸಂತ ತೆರೇಸಮ್ಮನೂ ಇರಲಿ" ಎಂದು ನಾನು ಕೇಳಲಿಲ್ಲ. ಹಾಗೆ ಕೇಳುವುದು ಸರಿಯೂ ಅಲ್ಲ. ಸಕಲ ಸಂತರ ಹಬ್ಬಕ್ಕೆ ಅದರದೇ ಆದ ಒಂದು ದಿನ ಇರಲಿ. ವರ್ಷದಲ್ಲಿ ಒಂದೇ ದಿನ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದರೆ ಕೊನೆಗೆ ಮಕ್ಕಳಿಗೆ ನೆನಪಿರೋದು ಒಂದು ಗ್ರೂಪ್ ಫೋಟೋ ಮಾತ್ರ.

ಮಾನ್ವಿ ಅಬ್ಬು

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ನನ್ನ ಇಬ್ಬರು ಹೆಣ್ಣುಮಕ್ಕಳೂ ಕಾನ್ವೆಂಟಿಗೇ ಹೋಗುತ್ತಾರೆ. ಮಾನ್ವಿ ಅಂದರೆ ಜಗನ್ನಾಥದಾಸರ ಊರು. ಈ ಕಡೆ ದರ್ಗಾಗಳ ಉರುಸು, ಆ ಕಡೆ ದಾಸರ ಆರಾಧನೆ, ಎರಡನ್ನೂ ನೋಡುತ್ತ ಬೆಳೆದವರು ನಾವು. ಮುದಗಲ್ಲಿನ ಮೊಹರಂಗಂತೂ ಎಲ್ಲ ಜಾತಿಯವರೂ ಬರುತ್ತಾರೆ, ಆ ಅಣ್ಣನಿಗೆ ಗೊತ್ತು.

ನನ್ನ ಮಾತು ಇಷ್ಟೇ. ಒಳ್ಳೆಯವರ ಕತೆ ನನ್ನ ಮಗಳು ಹೇಳಲಿ, ಬಹಳ ಸಂತೋಷ. ಮೂರ್ತಿಗೆ ಹಾರ ಹಾಕುವುದು, ಮೇಣದ ಬತ್ತಿ ಹಚ್ಚಿ ಕೈಮುಗಿಯುವುದು ಅವಳಿಂದ ಮಾಡಿಸಬೇಡಿ. ಕತೆ ಬೇರೆ, ಇಬಾದತ್, ಅಂದರೆ ಆರಾಧನೆ, ಬೇರೆ. ಈ ಗೆರೆಯನ್ನು ಟೀಚರ್ ಮೊದಲೇ ಎಳೆದುಬಿಟ್ಟರೆ ನಮಗೆ ಮನಸ್ಸಿಗೆ ನಿರಾಳ.

ಸಿಎಸ್‌ಐ ಸಭೆಯವ, ಬಳ್ಳಾರಿ

ಮಾನ್ವಿ ಭಾಯಿ ಹೇಳಿದ ಗೆರೆ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ನಮ್ಮಂಥ ಪ್ರೊಟೆಸ್ಟಂಟರಿಗೂ ಬೇಕು. ನಾವು ಸಂತರಿಗೆ ಪ್ರಾರ್ಥನೆ ಸಲ್ಲಿಸುವುದಿಲ್ಲ. ಅವರ ಬದುಕಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತೇವೆ.

ಅಕ್ಟೋಬರ್ 31 ನಮಗೆ ಬೇರೆ ಕಾರಣಕ್ಕೂ ದೊಡ್ಡ ದಿನ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಜರ್ಮನಿಯ ವಿಟ್ಟೆನ್‌ಬರ್ಗಿನಲ್ಲಿ ನಮ್ಮ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿಯಾದ ತನ್ನ 95 ವಾದಗಳನ್ನು ಹೊರಗಿಟ್ಟ. ಸಕಲ ಸಂತರ ಹಬ್ಬದ ಮುನ್ನಾದಿನವೇ. ಅಲ್ಲಿನ ಕೋಟೆಯ ಚರ್ಚಿನ ಹೆಸರೂ ಸಕಲ ಸಂತರ ಚರ್ಚು. ಮರುದಿನದ ಹಬ್ಬಕ್ಕೆ ಅಲ್ಲಿ ಜನ ಸೇರುವವರಿದ್ದರು. ಹಾಗಾಗಿ ಈ ದಿನವನ್ನು ದೆವ್ವಗಳಿಗೆ ಬಿಟ್ಟುಕೊಡಲು ನಮಗೂ ಮನಸ್ಸಿಲ್ಲ.

ಟೀಚರ್, ಬಳ್ಳಾರಿ ಮಕ್ಕಳಿಗೆ ಬಳ್ಳಾರಿಯವರ ಕತೆಯೂ ಗೊತ್ತಿರಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಇಲ್ಲೇ ಕೂತು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. ವಾರ್ಡ್ಲಾ ಶಾಲೆ ಶುರುವಾದದ್ದು 1846ರಲ್ಲಿ. ಇವರು ಪಟ್ಟಿಯ ಸಂತರಲ್ಲ. ಆದರೆ ಹೆಸರು ಗೊತ್ತಿಲ್ಲದ ಒಳ್ಳೆಯವರನ್ನೂ ನೆನೆಯುವ ಹಬ್ಬ ಎಂದು ಮೇಷ್ಟ್ರೇ ಬರೆದಿದ್ದಾರಲ್ಲ.

ಕೌಲ್‌ಬಜಾರ್ ಅಮ್ಮ

ನಿಜ. ನಮ್ಮ ಬಳ್ಳಾರಿ ಧರ್ಮಪ್ರಾಂತ್ಯ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರದೇಶ) ಆದದ್ದು 1949ರಲ್ಲಿ. ಮೊದಲ ಬಿಷಪ್ ಜಾನ್ ಫಾರೆಸ್ಟ್ ಹೋಗನ್ ಅವರು ಫ್ರಾನ್ಸಿಸ್ಕನ್ ಗುರುಗಳು. ಅಸ್ಸಿಸಿಯ ಸಂತ ಫ್ರಾನ್ಸಿಸರ ದಾರಿಯವರು. ಹಾಗಾಗಿ ಫ್ರಾನ್ಸಿಸ್ ಪಾತ್ರ ಇರಲೇಬೇಕು. ನಮ್ಮ ಧರ್ಮಕೇಂದ್ರದಲ್ಲಿ ಒಮ್ಮೆ ಮಾಡಿಸಿದ್ದೆವು. ಬಾಡಿಗೆ ಡ್ರೆಸ್ ಬೇಡವೇ ಬೇಡ. ಹಳೆ ಕಂದು ಬೆಡ್‌ಶೀಟು, ಸೊಂಟಕ್ಕೆ ಬಿಳಿ ಹಗ್ಗ. ಹಗ್ಗಕ್ಕೆ ಮೂರು ಗಂಟು ಹಾಕಬೇಕು. ಬಡತನ, ಬ್ರಹ್ಮಚರ್ಯ, ವಿಧೇಯತೆ, ಹೀಗೆ ಮೂರು ವ್ರತಕ್ಕೆ ಮೂರು ಗಂಟು. ಗಂಟು ಹಾಕುವಾಗಲೇ ಹುಡುಗ "ಇದ್ಯಾಕೆ?" ಅಂತ ಕೇಳಿದ. ಅಲ್ಲೇ ಕತೆ ಶುರುವಾಯಿತು. ಶ್ರೀಮಂತ ಬಟ್ಟೆ ವ್ಯಾಪಾರಿಯ ಮಗ, ತಂದೆ ಕೊಟ್ಟ ಬಟ್ಟೆಯನ್ನೇ ತಂದೆಗೆ ವಾಪಸ್ ಕೊಟ್ಟು ಬರಿಗೈಲಿ ಹೊರಟವನು ಅಂದಾಗ ಹುಡುಗನ ಕಣ್ಣು ಅಗಲ ಆಯಿತು. ವೇಷ ತಾನೇ ಕಟ್ಟಿಕೊಳ್ಳಬೇಕು, ಆಗ ಮಾತ್ರ ಒಳಗೆ ಇಳಿಯುತ್ತದೆ.

ಸಿಂಧನೂರಿನ ಹುಡುಗ

ಅಕ್ಕಾ, ಇದು ಚೆನ್ನಾಗಿದೆ. ಆದರೆ ಹುಡುಗರಿಗೆ ಸ್ವಲ್ಪ ಥ್ರಿಲ್ ಬೇಕು. ಸಂತರೆಲ್ಲ ಕಣ್ಣುಮುಚ್ಚಿ ಕೈಮುಗಿದು ನಿಂತವರೇ ಆದರೆ ಬೋರ್ ಆಗಲ್ವಾ?

ರಾಯಚೂರು ಮೇಷ್ಟ್ರು

ಬೋರಾ? ಕೇಳು.

ಲಾರೆನ್ಸ್. 258ರಲ್ಲಿ ರೋಮಿನಲ್ಲಿ ಕೊಂದರು. ಸಭೆಯ ದುಡ್ಡು, ಬಡವರ ಪಾಲು ನೋಡಿಕೊಳ್ಳುವ ಹೊಣೆ ಅವನದು. ಸಭೆಯ ಸಂಪತ್ತೆಲ್ಲ ತಂದು ಒಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದ. ಲಾರೆನ್ಸ್ ಇದ್ದದ್ದನ್ನೆಲ್ಲ ಹಂಚಿ, ಊರಿನ ಬಡವರು, ಕುಂಟರು, ಕುರುಡರನ್ನು ಕರೆತಂದು ನಿಲ್ಲಿಸಿ, ಇವರೇ ನಮ್ಮ ಸಂಪತ್ತು ಎಂದನಂತೆ. ಕಾರ್ಕಳದ ಅತ್ತೂರು ಜಾತ್ರೆ ನಡೆಯುವುದು ಈತನ ಹೆಸರಿನಲ್ಲೇ.

ದೇವಸಹಾಯಂ. 1712ರಲ್ಲಿ ಕನ್ಯಾಕುಮಾರಿ ಕಡೆಯ ನಟ್ಟಾಲಂನಲ್ಲಿ ಹುಟ್ಟಿದವರು. ತಿರುವಾಂಕೂರು ಅರಮನೆಯ ಸೇವೆಯಲ್ಲಿದ್ದರು. ಕ್ರೈಸ್ತರಾದ ಮೇಲೆ ಜೈಲು, ಚಿತ್ರಹಿಂಸೆ, 1752ರಲ್ಲಿ ಗುಂಡಿಟ್ಟು ಕೊಂದರು. ಗುರುವೂ ಅಲ್ಲ, ಸನ್ಯಾಸಿಯೂ ಅಲ್ಲ, ಸಂಸಾರಿ. 2022ರ ಮೇ 15ರಂದು ರೋಮಿನಲ್ಲಿ ಸಂತ ಎಂದು ಸಾರಿದರು.

ಜಾನ್ ಬಾಸ್ಕೊ. ಹುಡುಗನಾಗಿದ್ದಾಗ ಹಗ್ಗದ ಮೇಲೆ ನಡೆದು, ಕೈಚಳಕ ತೋರಿಸಿ ಹುಡುಗರನ್ನು ಸೇರಿಸುತ್ತಿದ್ದ. ಆಟ ಮುಗಿದ ಮೇಲೆ ಪ್ರಾರ್ಥನೆ. ನಿನ್ನ ಥ್ರಿಲ್‌ಗೆ ಇದು ಸಾಕು ಅಂದುಕೊಂಡಿದ್ದೇನೆ.

ಆಮೇಲೆ ಟೂರ್ಸ್ ಊರಿನ ಮಾರ್ಟಿನ್. 4ನೇ ಶತಮಾನದ ರೋಮನ್ ಸೈನಿಕ. ಕೊರೆಯುವ ಚಳಿ. ಅಮಿಯೆನ್ಸ್ ಊರಬಾಗಿಲಲ್ಲಿ ಮೈಮೇಲೆ ಬಟ್ಟೆ ಇಲ್ಲದ ಭಿಕ್ಷುಕ. ಮಾರ್ಟಿನ್ ಕತ್ತಿ ಹಿರಿದು ತನ್ನ ಮೇಲಂಗಿಯನ್ನೇ ಎರಡು ತುಂಡು ಮಾಡಿ ಅರ್ಧ ಕೊಟ್ಟುಬಿಟ್ಟ. ಅವನ ಹಬ್ಬ ನವೆಂಬರ್ 11. ಪ್ರಾಣ ಕೊಟ್ಟವರನ್ನು ಮಾತ್ರ ಸಂತರೆಂದು ನೆನೆಯುತ್ತಿದ್ದ ಕಾಲದಲ್ಲಿ, ಬದುಕಿದ ರೀತಿಗಾಗಿಯೇ ಸಂತ ಅನ್ನಿಸಿಕೊಂಡ ಮೊದಲಿಗರಲ್ಲಿ ಈತ ಒಬ್ಬ.

ಮುದಗಲ್ಲಿನವ

ಮಾರ್ಟಿನ್ ಪಾತ್ರಕ್ಕೆ ಕೊಪ್ಪಳದ ಕಡೆಯ ಕಂಬಳಿ ಬಳಸಿ! ಪ್ರತಿ ಸಲ ಕತ್ತರಿಸಬೇಕಾಗಿಲ್ಲ. ಎರಡು ತುಂಡು ಮಾಡಿ ನಡುವೆ ಟಿಚ್ ಬಟನ್ ಹಾಕಿಸಿ. ರಟ್ಟಿನ ಕತ್ತಿ ತಾಗಿಸಿ ಎಳೆದರೆ ಟಕ್ ಅಂತ ಬಿಚ್ಚಿಕೊಳ್ಳುತ್ತದೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಫ್ರಾನ್ಸಿನಲ್ಲೂ 2002ರಿಂದ ಹೋಲಿವಿನ್ಸ್ ಎಂಬ ಹೆಸರಲ್ಲಿ ಮಕ್ಕಳು ಆ ಸಂಜೆ ಸಂತರ ವೇಷ ಹಾಕುತ್ತಾರೆ. ಪ್ಯಾರಿಸಿನಲ್ಲಿ ಶುರುವಾದದ್ದು.

ಕೊಪ್ಪಳದ ಪಾಲಕ

ಲಾರೆನ್ಸನ ಕತೆ ಈಗಷ್ಟೇ ಮನೆಯಲ್ಲಿ ಓದಿ ಹೇಳಿದೆ. ನಮ್ಮವಳು "ಇದು ದಾಸೋಹದ ಮಾತೇ ಅಲ್ವಾ?" ಎಂದಳು. ನನಗೂ ಹಾಗೇ ಅನ್ನಿಸಿತು. ಹಂಪಿಯಲ್ಲಿ ಕೂತು ಶಿವಶರಣರ ಬದುಕನ್ನು ಒಂದೊಂದೇ ರಗಳೆಯಾಗಿ ಬರೆದ ಹರಿಹರನ ನಾಡು ನಮ್ಮದು. ಭಕ್ತರ ಬದುಕು ಕೇಳುವುದು ನಮಗೆ ಹೊಸದಲ್ಲ.

ಕೌಲ್‌ಬಜಾರ್ ಅಕ್ಕನ ಮಾತೂ ಯೋಚಿಸಬೇಕಾದ್ದೇ. ಕಲಸಬೇಡಿ ಅಂದರೆ ಸರಿ, ಆದರೆ ಒಂದು ಷರತ್ತು. ಬರುವ ಬಸವ ಜಯಂತಿಯನ್ನೂ ಇಷ್ಟೇ ಚೆನ್ನಾಗಿ ಮಾಡಬೇಕು. ಈಗ ಎಷ್ಟೋ ಶಾಲೆಗಳಲ್ಲಿ ಜಯಂತಿ ಅಂದರೆ ಫೋಟೋಗೆ ಹಾರ, ಎರಡು ನಿಮಿಷದ ಭಾಷಣ, ಒಂದು ಪೇಡೆ. ಮಕ್ಕಳನ್ನು ಕೇಳಿ ನೋಡಿ, ಅಂಬಿಗರ ಚೌಡಯ್ಯ ಏನು ಹೇಳಿದರು ಎಂದು ಒಬ್ಬರೂ ಹೇಳಲ್ಲ. ಅದು ಗೌರವ ಅಲ್ಲ.

ಬಳ್ಳಾರಿ ಟೀಚರ್

ಸರ್, ಷರತ್ತಿಗೆ ಒಪ್ಪಿಗೆ. ಇದನ್ನು ಹೆಡ್ ಸಿಸ್ಟರ್‌ಗೂ ಓದಿ ಹೇಳಿದೆ. ಬಸವ ಜಯಂತಿ ರಜಾ ದಿನ, ಹಾಗಾಗಿ ಶಾಲೆ ಶುರುವಾದ ಮೇಲೆ ಜೂನ್‌ನಲ್ಲಿ ಒಂದು ದಿನ ಇಡೋಣ, ವಚನದ ಜೊತೆ ಶರಣರ ಬದುಕಿನ ಪ್ರಸಂಗ ಮಕ್ಕಳೇ ಆಡಲಿ ಎಂದರು. ಕನಕ ಜಯಂತಿಗೂ ಹಾಗೇ.

ತಾರೀಖಿನ ಪಜೀತಿಯೂ ಇತ್ತು. ನವೆಂಬರ್ 1 ರಾಜ್ಯೋತ್ಸವ. ಧ್ವಜ, ನಾಡಗೀತೆ, ಮಕ್ಕಳ ಕುಣಿತ, ಅದರ ನಡುವೆ ಇದು ಬೇಡ. ಅಕ್ಟೋಬರ್ 31 ಬೆಳಗ್ಗೆ ಸರ್ದಾರ್ ಪಟೇಲರ ಜಯಂತಿ, ಏಕತಾ ಪ್ರತಿಜ್ಞೆ ಇದೆ. ಹಾಗಾಗಿ 31ರ ಮಧ್ಯಾಹ್ನ ಊಟ ಆದ ಮೇಲಿನ ಎರಡು ಪೀರಿಯಡ್ ಇದಕ್ಕೆ.

ಪಾಲಕರಿಗೆ ಕಳಿಸುವ ಪತ್ರದ ಕರಡು ಇಲ್ಲಿದೆ. ತಿದ್ದಿ.

"ಮಾನ್ಯ ಪಾಲಕರೇ, ಅಕ್ಟೋಬರ್ 31ರ ಮಧ್ಯಾಹ್ನ ಶಾಲೆಯಲ್ಲಿ ಸಂತರ ದಿನ ಇದೆ. ಇದು ಕತೆ ಹೇಳುವ ಕಾರ್ಯಕ್ರಮ. ಪೂಜೆ, ಪ್ರಾರ್ಥನೆ ಇರುವುದಿಲ್ಲ. ಕ್ರೈಸ್ತ ಮಕ್ಕಳ ಪ್ರಾರ್ಥನೆ ಬೇರೆ ಹೊತ್ತಿನಲ್ಲಿ, ಚಾಪೆಲ್‌ನಲ್ಲಿ ನಡೆಯುತ್ತದೆ. ನಿಮ್ಮ ಮಗು ಪಾತ್ರ ಮಾಡಬಹುದು, ಅಥವಾ ಪ್ರೇಕ್ಷಕರಾಗಿ ಕೂರಬಹುದು, ಅಥವಾ ಲೈಬ್ರರಿಯಲ್ಲಿ ಇರಬಹುದು. ಯಾವುದು ಎಂದು ಕೆಳಗೆ ಬರೆದು ಸಹಿ ಮಾಡಿ. ವೇಷಕ್ಕೆ ಹಣ ಖರ್ಚು ಮಾಡಬೇಡಿ. ಮನೆಯಲ್ಲಿರುವ ಬಟ್ಟೆ ಸಾಕು. ದೆವ್ವ, ರಕ್ತ, ಅಸ್ಥಿಪಂಜರದ ವೇಷ ಬೇಡ."

ಮಾನ್ವಿ ಅಬ್ಬು

ಬಹಳ ಒಳ್ಳೆಯದು. ಒಂದು ಸಾಲು ಸೇರಿಸಿ. ಲೈಬ್ರರಿಯಲ್ಲಿ ಕೂರುವ ಮಗುವನ್ನು ಯಾರೂ ಯಾಕೆ ಎಂದು ಕೇಳಬಾರದು. ಕ್ಲಾಸಿನ ಮುಂದೆ ಕೇಳಿದರೆ ಮಗುವಿಗೆ ಮುಜುಗರ. ನನ್ನ ಮಗಳದ್ದು ಬೇರೆ ಶಾಲೆ, ಆದರೂ ಈ ಪತ್ರವನ್ನು ಅಲ್ಲಿನ ಟೀಚರ್‌ಗೆ ತೋರಿಸುತ್ತೇನೆ. ಮಾರ್ಟಿನ್ ಕತೆಯಲ್ಲಿ ಭಿಕ್ಷುಕನ ಪಾತ್ರವೇ ಬೇಕು ಎಂದು ಚಿಕ್ಕವಳು ಈಗಲೇ ಹಟ ಹಿಡಿದಿದ್ದಾಳೆ.

ಸಿಎಸ್‌ಐ ಸಭೆಯವ, ಬಳ್ಳಾರಿ

ರಕ್ತಸಾಕ್ಷಿಗಳ ಕತೆ ಹೇಳುವಾಗ ಚಿಕ್ಕ ಮಕ್ಕಳ ಮುಂದೆ ಹಿಂಸೆಯ ವಿವರ ಬೇಡ ಎಂದೂ ಟೀಚರ್‌ಗಳಿಗೆ ಹೇಳಿ. ಲಾರೆನ್ಸನನ್ನು ಹೇಗೆ ಕೊಂದರು ಎನ್ನುವುದಕ್ಕಿಂತ ಅವನು ಯಾರನ್ನು ಕರೆತಂದ ಎನ್ನುವುದು ಮುಖ್ಯ.

ಬಳ್ಳಾರಿ ಟೀಚರ್

ಎರಡನ್ನೂ ಬರೆದುಕೊಂಡೆ. ಪತ್ರ ಸೋಮವಾರ ಹೋಗುತ್ತದೆ.

ಕೊಪ್ಪಳದ ಪಾಲಕ

ನಾನೂ ಇದನ್ನು ನಮ್ಮ ಮಗನ ಶಾಲೆಗೆ ಕೊಡುತ್ತೇನೆ. ಅವನಿಗೆ ಲಾರೆನ್ಸ್ ಬೇಕಂತೆ. ಒಬ್ಬೊಬ್ಬರಿಗೆ ಎಷ್ಟು ನಿಮಿಷ ಇಟ್ಟಿದ್ದೀರಿ ಟೀಚರ್?

ಬಳ್ಳಾರಿ ಟೀಚರ್

ಮೂರು ನಿಮಿಷ ಸರ್. ಲಾರೆನ್ಸ್ ಆದರೆ ಬಡವರ ಪಾತ್ರಕ್ಕೆ ಇನ್ನೂ ಮಕ್ಕಳು ಬೇಕಾಗುತ್ತಾರೆ, ಹಾಗಾಗಿ ಅವನಿಗೆ ಐದು ನಿಮಿಷ ಕೊಡಿ ಎನ್ನಿ. ಮಾತು ಕನ್ನಡದಲ್ಲೇ ಇರಲಿ.